ಅಬ್ಬಿ ನೀರಿಗೆ ಕಟ್ಟಿದ ಒಂದೆಲಗದ ಮಡಿ

ಮಲೆನಾಡಿನಲ್ಲಿ ಒಂದೆಲಗವನ್ನೂ ಬೆಳೆಸಬೇಕಾ ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ತೋಟದ ಬಸಿಗಾಲುವೆ, ಗದ್ದೆಯ ಬದು, ಬಾವಿಕಟ್ಟೆ, ಬಚ್ಚಲ ಹಿಂಭಾಗ, ಎಲ್ಲಿ ತಂಪಿದೆಯೋ ಅಲ್ಲೆಲ್ಲ ಅದು ತಾನಾಗಿ ಹಬ್ಬಿರುತ್ತದೆ. ಆದರೆ ಹಾಗೆ ಹಬ್ಬಿದ್ದರಲ್ಲಿ ಕಿತ್ತು ತಂದು, ಹಸಿಯಾಗಿ ಅರೆದು, ಮಜ್ಜಿಗೆಗೆ ಕಲಸಿ ಊಟ ಮಾಡುವಂಥದ್ದು ಈಗ ಎಷ್ಟು ಉಳಿದಿದೆ? ನಮ್ಮ ಮನೆ ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆ ಕಡೆಗೆ. ಸುತ್ತ ಒಂದೆಲಗಕ್ಕೆ ಬರವಿಲ್ಲ. ಆದರೂ ಹಿತ್ತಲಲ್ಲಿ ಅದಕ್ಕೆಂದೇ ಒಂದು ಮಡಿ ಕಟ್ಟಿದೆ. ಕಟ್ಟಿದ್ದು ಹೇಗೆ, ಈಗ ಹೇಗೆ ನಡೆಯುತ್ತಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಯಾಕೆ ಅನ್ನುವುದನ್ನು ಹೇಳುತ್ತೇನೆ.

ಅಡಿಕೆಯ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, ಮಳೆಗಾಲದ ಮಧ್ಯೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಎಲ್ಲರೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಉಪ್ಪು. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದು ಬುಡಕ್ಕೆ ಬೀಳುತ್ತದೆ, ಅಲ್ಲಿಂದ ಬಸಿಗಾಲುವೆಗೆ ಸೇರುತ್ತದೆ. ವರ್ಷ ವರ್ಷವೂ ಇದೇ. ಕಾಲುವೆಯ ಅಂಚಿನ ಒಂದೆಲಗ ಬೆಳೆಯುವುದು ಆ ಮಣ್ಣಿನಲ್ಲೇ. ಈ ಗಿಡಕ್ಕೆ ಮಣ್ಣು, ನೀರಿನಲ್ಲಿರುವ ಲೋಹವನ್ನು ಹೀರಿಕೊಂಡು ತನ್ನಲ್ಲಿ ಇಟ್ಟುಕೊಳ್ಳುವ ಗುಣ ಇದೆ. ನೋಡಲು ಹಸಿರಾಗಿ ಸೊಗಸಾಗಿರುತ್ತದೆ, ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಗದ್ದೆ ಬದುವಿಗೆ ಈಗ ಕಳೆನಾಶಕ ಬೀಳುತ್ತದೆ. ಬಚ್ಚಲ ನೀರಿನಲ್ಲಿ ಸೋಪು, ಶಾಂಪೂ.

ಹಳ್ಳದ ದಂಡೆಯದ್ದು ತರಬಹುದಲ್ವಾ ಅಂದರೆ, ಅಲ್ಲಿ ದನಗಳು ನೀರು ಕುಡಿಯುತ್ತವೆ, ಸಗಣಿ ಹಾಕುತ್ತವೆ. ಲಿವರ್ ಫ್ಲೂಕ್ ಅನ್ನುವ ಎಲೆಯಾಕಾರದ ಹುಳದ ಮೊಟ್ಟೆ ಸಗಣಿಯ ಜೊತೆ ನೀರಿಗೆ ಸೇರುತ್ತದೆ. ಮರಿ ಹುಳ ನೀರಿನ ಬಸವನಹುಳುವಿನ ಮೈಯೊಳಗೆ ಸ್ವಲ್ಪ ಕಾಲ ಇದ್ದು, ಆಮೇಲೆ ಹೊರಬಂದು ನೀರಂಚಿನ ಸೊಪ್ಪಿಗೆ ಅಂಟಿಕೊಂಡು ಕಾಯುತ್ತದೆ. ಆ ಸೊಪ್ಪನ್ನು ದನ ತಿಂದರೆ ದನಕ್ಕೆ, ಮನುಷ್ಯ ಹಸಿಯಾಗಿ ತಿಂದರೆ ಮನುಷ್ಯನಿಗೂ ಬರಬಹುದು. ಇನ್ನು ಕಾಡಿನ ಒರತೆ ಶುದ್ಧವೇ. ಆದರೆ ಬೇಸಿಗೆಯಲ್ಲಿ, ಬೇರೆ ಕಡೆಯೆಲ್ಲ ಒಣಗಿ ಒರತೆಯ ಹತ್ತಿರ ಮಾತ್ರ ಒಂದೆಲಗ ಉಳಿಯುವ ಹೊತ್ತಿಗೇ, ಕಾಡಿನಲ್ಲಿ ಉಣುಗು, ಅಂದರೆ ಉಣ್ಣೆ ಜಾಸ್ತಿ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ತೀರ್ಥಹಳ್ಳಿಯವರಿಗೆ ಅದರ ಭಯ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಿಡಿ ಸೊಪ್ಪಿಗೋಸ್ಕರ ಅಮ್ಮ ಮಾರ್ಚ್ ತಿಂಗಳಲ್ಲಿ ಕಾಡಿನಂಚಿಗೆ ಹೋಗುವುದು ನನಗೆ ಸುತರಾಂ ಇಷ್ಟವಿಲ್ಲ.

ಹಾಗಾಗಿ ಲೆಕ್ಕ ಸರಳ. ನೀರು ಎಲ್ಲಿಂದ ಬರುತ್ತದೆ, ಮಧ್ಯೆ ಏನು ಸೇರುತ್ತದೆ ಅಂತ ಪೂರ್ತಿ ಗೊತ್ತಿರುವ ಕಡೆ ಬೆಳೆಸಬೇಕು. ನಮಗೆ ಅಂಥ ನೀರು ಒಂದೇ, ಗುಡ್ಡದ ಅಬ್ಬಿಯಿಂದ, ಅಂದರೆ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ಕುಡಿಯುವ ನೀರು. ಅದು ಹಿತ್ತಲ ತೊಟ್ಟಿಗೆ ಬೀಳುತ್ತದೆ, ತುಂಬಿ ಹೆಚ್ಚಾದದ್ದು ಬಾಳೆ ಬುಡಕ್ಕೆ ಹೋಗುತ್ತಿತ್ತು. ಆ ಹೆಚ್ಚಿನ ನೀರೇ ಮಡಿಗೆ ಆಧಾರ. ಜಾಗವೂ ಒಳ್ಳೆಯದು. ಬೆಳಗಿನ ಬಿಸಿಲು ಬೀಳುತ್ತದೆ, ಹನ್ನೊಂದರ ನಂತರ ಹಲಸಿನ ಮರದ ನೆರಳು.

ಒಂದು ತೊಡಕು ಮಾತ್ರ ಇತ್ತು. ನಮ್ಮದು ಜಂಬುಮಣ್ಣು, ಅಂದರೆ ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು, ಎಷ್ಟು ನೀರು ಬಿಟ್ಟರೂ ಕುಡಿದುಬಿಡುತ್ತದೆ. ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸದೆ ತಂಪು ನಿಲ್ಲುವುದಿಲ್ಲ. ಚಿಕ್ಕಪ್ಪ ಬಂದು ನಿಂತು ನೋಡಿ, “ಒಂದೆಲಗಕ್ಕೆ ಇಷ್ಟೆಲ್ಲ ಎಂಥಕ್ಕೋ ಮಾರಾಯಾ, ಕಾಲುವೆಯಲ್ಲಿ ಬೇಕಾದಷ್ಟು ಇಲ್ವಾ?” ಅಂದರು. ಬೋರ್ಡೋ ವಿಷಯ ಹೇಳಿದ ಮೇಲೆ ಸುಮ್ಮನೆ ಪಿಕಾಸಿ ಕೈಗೆ ತಗೊಂಡರು.

ಗುಂಡಿ 12 ಅಡಿ ಉದ್ದ, 4 ಅಡಿ ಅಗಲ, ಒಂದೂಕಾಲು ಅಡಿ ಆಳ. ಅಗಲ 4 ಅಡಿಗಿಂತ ಜಾಸ್ತಿ ಬೇಡ. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಸೊಪ್ಪು ಸಿಗಬೇಕು, ಮಡಿಯೊಳಗೆ ಕಾಲಿಡುವ ಹಾಗಾಗಬಾರದು. ತಳಕ್ಕೆ, ನೀರು ಹೊರಹೋಗುವ ಹೊರದಾರಿಯ ಕಡೆಗೆ ಒಂದೆರಡು ಇಂಚು ಇಳಿಜಾರು ಕೊಟ್ಟೆ. ಜಂಬಿಟ್ಟಿಗೆಯ ಚೂರು ಚೂಪಾಗಿರುತ್ತದೆ, ಹಾಳೆ ತೂತು ಬೀಳಲು ಅಷ್ಟು ಸಾಕು. ಅದಕ್ಕೆ ತಳ, ಗೋಡೆ ಎರಡನ್ನೂ ಕೈಯಲ್ಲಿ ಸವರಿ ನೋಡಿ, ಬೇರು, ಚೂರು ತೆಗೆದು, ಹಳೆ ಗೋಣಿಚೀಲ ಬಿಚ್ಚಿ ಎರಡು ಪದರ ಹಾಸಿದೆ. ಅದರ ಮೇಲೆ ಸಿಲ್ಪಾಲಿನ್, 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ) ದಪ್ಪದ್ದು, 18 ಅಡಿಗೆ 12 ಅಡಿ ಅಳತೆ. ಅಡಿಕೆ ಒಣಗಿಸುವಾಗ ಮುಚ್ಚಲು ತರುತ್ತೇವಲ್ಲ, ಅದೇ. ಮಿಕ್ಕ ಅಂಚನ್ನು ಕತ್ತರಿಸದೆ ಹೊರಗೆ ಮಡಚಿ, ಮೇಲೆ ಒಂದು ಸಾಲು ಜಂಬಿಟ್ಟಿಗೆ ಕಲ್ಲು ಇಟ್ಟೆ. ಹಾಳೆಗೆ ಬಿಸಿಲು ತಾಗದಿದ್ದರೆ ಬಾಳಿಕೆ ಹೆಚ್ಚು.

ಮಡಿಯ ಜೀವ ಇರುವುದು ಹೊರದಾರಿಯಲ್ಲಿ. ಒಂದೆಲಗಕ್ಕೆ ತಂಪು ಬೇಕು, ಆದರೆ ಬುಡ ನೀರಿನಲ್ಲಿ ಮುಳುಗಿರಬಾರದು. ಮೇಲ್ಮಣ್ಣಿನಿಂದ 3 ಇಂಚು ಕೆಳಗೆ ನೀರು ನಿಂತರೆ ಅದಕ್ಕೆ ಸುಖ. ಮಳೆಗಾಲದಲ್ಲಿ ಇನ್ನೂ ಕೆಳಗೆ ಇಳಿಯಬೇಕು. ಅಂದರೆ ನೀರಿನ ಮಟ್ಟವನ್ನು ಬೇಕಾದಾಗ ಬದಲಾಯಿಸುವಂತಿರಬೇಕು. ಇದಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ. ಟ್ಯಾಂಕಿನ ಗೋಡೆಗೆ ಪೈಪು ಜೋಡಿಸಲು ಬಳಸುವ, ಹಾರ್ಡ್‌ವೇರ್ ಅಂಗಡಿಯ ಟ್ಯಾಂಕ್ ನಿಪ್ಪಲ್ ಒಂದು, ಒಂದೂಕಾಲು ಇಂಚಿನ ಪೈಪಿನ ತುಂಡು ಎರಡು, ಪೈಪು ತಿರುಗಿಸುವ ಬಾಗಿದ ಎಲ್ಬೋ ಒಂದು.

ತಳದಿಂದ 3 ಇಂಚು ಮೇಲೆ ಹಾಳೆಗೆ ತೂತು ಮಾಡಬೇಕು. ತೂತು ನಿಪ್ಪಲ್‌ಗಿಂತ ಸ್ವಲ್ಪ ಚಿಕ್ಕದಿರಲಿ, ಒತ್ತಿ ತೂರಿಸಿದರೆ ಹಾಳೆ ಬಿಗಿಯಾಗಿ ಕೂರುತ್ತದೆ. ಹಾಳೆಯ ಒಳಗೊಂದು, ಹೊರಗೊಂದು ರಬ್ಬರ್ ವಾಷರ್. ನಿಪ್ಪಲ್ ಜೊತೆ ಬರುವ ವಾಷರ್ ತೆಳ್ಳಗಿತ್ತು, ಹಳೆ ಲಾರಿ ಟ್ಯೂಬನ್ನು ದುಂಡಗೆ ಕತ್ತರಿಸಿ ಅದರ ಜೊತೆಗೆ ಹಾಕಿದೆ. ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಕೊನೆಗೆ ಕಾಲು ಸುತ್ತು ಸ್ಪ್ಯಾನರ್. ಅದಕ್ಕಿಂತ ಬಿಗಿದರೆ ವಾಷರ್ ತಿರುಚಿಕೊಳ್ಳುತ್ತದೆ. ಒಳಬದಿಯಲ್ಲಿ ತೂತು ಕೊರೆದ ಪೈಪಿನ ತುಂಡು, ಅದರ ಸುತ್ತ ತೆಂಗಿನ ನಾರು ಸುತ್ತಿ ದಾರ ಕಟ್ಟಿದೆ, ಮಣ್ಣು ಒಳಗೆ ಹೋಗಬಾರದಲ್ಲ. ಹೊರಬದಿಯಲ್ಲಿ ಎಲ್ಬೋ, ಅದಕ್ಕೆ 7 ಇಂಚಿನ ಪೈಪು. ಎಲ್ಬೋಗೆ ಗಮ್ ಹಾಕಲಿಲ್ಲ. ಸ್ವಲ್ಪ ವ್ಯಾಸಲಿನ್ ಸವರಿ ಒತ್ತಿ ಕೂರಿಸಿದ್ದಷ್ಟೇ.

ಈಗ ಆ ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ಅದರ ಬಾಯಿಯ ಎತ್ತರಕ್ಕೆ, ಅಂದರೆ ತಳದಿಂದ 10 ಇಂಚಿಗೆ ಏರಿ ನಿಲ್ಲುತ್ತದೆ. ಓರೆ ಮಾಡಿದರೆ ಅಷ್ಟೇ ಇಳಿಯುತ್ತದೆ. ಪೂರ್ತಿ ಮಲಗಿಸಿದರೆ ಮಡಿ ಬಸಿದುಹೋಗುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ, ಜೂನ್ ಬಂದಾಗ ಓರೆ. ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ತಳಕ್ಕೆ 3 ಇಂಚು ಜಲ್ಲಿ, ತೊಳೆದು ಹಾಕಿದ್ದು. ಮೇಲೆ 10 ಇಂಚು ಮಣ್ಣು. ಬರೀ ಕೆರೆಗೋಡು, ಅಂದರೆ ಕೆರೆಯ ಹೂಳು ಹಾಕಿದರೆ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಬಳ್ಳಿಯ ಬೇರು ಇಳಿಯುವುದಿಲ್ಲ. ಎರಡು ಪಾಲು ಗೋಡುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆ ಗೊಬ್ಬರ ಬೆರೆಸಿದೆ. ಗೊಬ್ಬರ ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುತ್ತಿರಬೇಕು. ಹಸಿ ಸಗಣಿ, ಸ್ಲರಿ ಈ ಮಡಿಗೆ ಬೇಡವೇ ಬೇಡ, ಕಾರಣ ಮೇಲೆಯೇ ಹೇಳಿದ್ದೇನೆ. ಗೋಡನ್ನು ತೋಟದ ಕೆಳಗಿನ ಹೊಂಡದಿಂದ ತರಲಿಲ್ಲ, ಮೇಲಿನ ಕೆರೆಯಿಂದ ತಂದೆವು. ಆ ಕೆರೆಗೆ ಯಾರ ತೋಟದ ನೀರೂ ಇಳಿಯುವುದಿಲ್ಲ. ತೊಟ್ಟಿಯಿಂದ ಮಡಿಗೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ನೀರು. ದಬ್ಬೆಯ ತುದಿಯಲ್ಲಿ ನಿಲ್ಲಿಸಿದ ಪೈಪು ಅದನ್ನು ನೇರ ಜಲ್ಲಿಗೆ ಇಳಿಸುತ್ತದೆ. ಹಾಗಾಗಿ ನೀರು ಅಡಿಯಿಂದ ಮೇಲೆ ಏರುತ್ತದೆ, ಮೇಲ್ಮಣ್ಣು ಕೊಚ್ಚುವುದಿಲ್ಲ, ಮೇಲೆ ನೀರು ನಿಲ್ಲದ ಕಾರಣ ಸೊಳ್ಳೆಯೂ ಆಗುವುದಿಲ್ಲ. ದಬ್ಬೆಯ ಮಧ್ಯೆ ಒಂದು ಕಚ್ಚು ಹಾಕಿ, ಹೆಚ್ಚಾದ ನೀರನ್ನು ಮತ್ತೆ ಬಾಳೆಗೇ ಬಿಟ್ಟಿದ್ದೇನೆ.

ನೆಟ್ಟದ್ದು ಸೆಪ್ಟೆಂಬರ್ ಕೊನೆಯಲ್ಲಿ. ಜೂನ್‌ನಲ್ಲಿ ನೆಡಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊಸ ಮಣ್ಣು, ಬೇರೂರದ ಬಳ್ಳಿ, ಎರಡೂ ನಿಲ್ಲುವುದಿಲ್ಲ. ಬೀಜದ ಗೋಜು ಬೇಡ. ಎರಡು ಮೂರು ಗಿಣ್ಣಿರುವ ಬಳ್ಳಿಯ ತುಂಡು ಸಾಕು, ಗಿಣ್ಣು ಗಿಣ್ಣಿಗೂ ಬೇರು ಬಿಡುವ ಗಿಡ ಇದು. ಗಿಣ್ಣನ್ನು ಮಣ್ಣಿಗೆ ಒತ್ತಿ, ಎಲೆಯನ್ನು ಮೇಲೆ ಬಿಟ್ಟು, ಗೇಣಿಗೊಂದರಂತೆ ನೆಟ್ಟೆ. ಬಳ್ಳಿಯನ್ನು ಅಬ್ಬಿಯ ಬಾಯಿಯ ಹತ್ತಿರದಿಂದಲೇ ತಂದದ್ದು. ಕಾಲುವೆ ಬದಿಯ ಬಳ್ಳಿಯೇ ಗತಿ ಅನ್ನುವವರು ಅದನ್ನೂ ನೆಡಬಹುದು. ಆದರೆ ಬೇರಿನ ಹಳೆ ಮಣ್ಣು ಪೂರ್ತಿ ತೊಳೆದು ನೆಡಿ, ಜೊತೆಗೆ ಬಂದ ಹಳೆ ಎಲೆ ಮತ್ತು ಮೊದಲ ಎರಡು ಕೊಯ್ಲನ್ನು ಅಡುಗೆಗೆ ತರಬೇಡಿ.

ತರುವಾಗ ಗಿಡ ಗುರುತು ಹಿಡಿಯಲು ಒಂದು ಮಾತು. ಬುಡದಲ್ಲಿ ಸೀಳಿರುವ ದುಂಡನೆ ಎಲೆ, ತೊಟ್ಟು ಆ ಸೀಳಿನಲ್ಲೇ ಕೂಡಿರುತ್ತದೆ, ಅಂಚಿಗೆ ಮೊಂಡು ಹಲ್ಲು. ಹೂ ಎಲೆಯ ಕೆಳಗೆ ನೆಲಕ್ಕೆ ಹತ್ತಿರ, ಸಣ್ಣದು, ತಿಳಿಗೆಂಪು. ಕೊತ್ತಂಬರಿ, ಕ್ಯಾರೆಟ್ ಕುಟುಂಬದ ಗಿಡ. ಎಲೆ ತಿಕ್ಕಿ ಮೂಸಿದರೆ ಆ ಸುಳಿವು ಸಿಗುತ್ತದೆ. ಇಲಿಕಿವಿ ಸೊಪ್ಪಿನ ಎಲೆ ದೂರದಿಂದ ಹೀಗೇ ಕಾಣುತ್ತದೆ, ಆದರೆ ಅದಕ್ಕೆ ಹಳದಿ ಹೂ, ಈ ವಾಸನೆ ಇಲ್ಲ. ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೇಳಿದರೆ ಒಂದು ಕಡೆ ಒಂದೆಲಗ ಕೊಡುತ್ತಾರೆ, ಇನ್ನೊಂದು ಕಡೆ ನೀರುಬ್ರಾಹ್ಮಿ ಕೊಡುತ್ತಾರೆ. ನೀರುಬ್ರಾಹ್ಮಿಗೆ ಕಾಂಡದ ಉದ್ದಕ್ಕೂ ಜೋಡಿ ಜೋಡಿ ಸಣ್ಣ ದಪ್ಪ ಎಲೆ, ತಿಳಿ ಬಣ್ಣದ ಐದೆಸಳ ಹೂ, ವಿಪರೀತ ಕಹಿ. ಅದೂ ಒಳ್ಳೆಯ ಗಿಡವೇ, ಮಡಿಯ ಹೊರದಾರಿಯಲ್ಲಿ ನೀರು ಹರಿಯುವ ಕಡೆ ಅದನ್ನೂ ಇಟ್ಟಿದ್ದೇನೆ. ಆದರೆ ತಂಬುಳಿಗೆ ಅದು ಆಗುವುದಿಲ್ಲ.

ಮಣ್ಣು ಸದಾ ಹಸಿಯಾಗಿರುವ ಮೂಲೆಯಲ್ಲಿ ಬಜೆ ನೆಟ್ಟಿದ್ದೇನೆ, ಅದರ ಪರಿಮಳ ಇಷ್ಟ ಅಂತ. ತಿನ್ನುವುದಕ್ಕಲ್ಲ. ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನುವ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿದ್ದಾರೆ. ಎಳೆ ಮಕ್ಕಳ ನಾಲಿಗೆಗೆ ತೇಯ್ದು ಹಚ್ಚುವುದನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ನೀವೂ ಬಿಡಿ ಅಂತಲೇ ಹೇಳುತ್ತೇನೆ.

ಮೊದಮೊದಲು ಬಳ್ಳಿ ಕದಲುವುದೇ ಇಲ್ಲ. ಎಲೆ ಹಳದಿಯಾಗಿ, ಸತ್ತಿತೇನೋ ಅನಿಸುತ್ತದೆ. ಕೆಳಗೆ ಬೇರು ಹಿಡಿಯುತ್ತಿರುತ್ತದೆ, ಕೆದಕಬಾರದು. ದೀಪಾವಳಿ ಕಳೆದ ಮೇಲೆ ಓಡಲು ಶುರುಮಾಡಿತು. ಸಂಕ್ರಾಂತಿ ಹೊತ್ತಿಗೆ ಮಣ್ಣು ಕಾಣದಷ್ಟು ತುಂಬಿತು. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಕೊನ್ನಾರಿ ಅನ್ನುವ ಕಳೆಹುಲ್ಲು ಕೀಳುವುದು. ಗಡ್ಡೆ ಸಮೇತ ತೆಗೆಯದಿದ್ದರೆ ಅದು ಸಿಲ್ಪಾಲಿನ್ನನ್ನೂ ಚುಚ್ಚೀತು.

ಒಂದೇ ಮಡಿಯಲ್ಲಿ ಎರಡು ಬಗೆಯ ಸೊಪ್ಪು ಬಂದದ್ದು ನೋಡಿ ಖುಷಿಯಾಯಿತು. ಪೂರ್ವದ ತುದಿಗೆ ಬಿಸಿಲು ಜಾಸ್ತಿ. ಅಲ್ಲಿ ಎಲೆ ಚಿಕ್ಕದು, ದಪ್ಪ, ತೊಟ್ಟು ಗಿಡ್ಡ, ಅಂಚು ಸ್ವಲ್ಪ ಕೆಂಪು, ಕಹಿ ಚೂಪು. ಹಲಸಿನ ನೆರಳಿನ ಕಡೆ ತೊಟ್ಟು ಉದ್ದ, ಎಲೆ ಅಗಲ, ಮೆತ್ತಗೆ. ನೆರಳಿನದ್ದು ತಂಬುಳಿಗೆ, ಬಿಸಿಲಿನದ್ದು ಎಣ್ಣೆಗೆ ಅಂತ ಅಮ್ಮ ಹಂಚಿಕೊಂಡಿದ್ದಾರೆ. ಕೊಯ್ಯುವಾಗ ಬಳ್ಳಿ ಎಳೆಯಬಾರದು. ಕತ್ತರಿಯಲ್ಲಿ ಬಲಿತ ಎಲೆಯನ್ನು ತೊಟ್ಟು ಸಮೇತ ಕತ್ತರಿಸಿ, ಬುಡದಲ್ಲಿ ಒಂದಿಂಚು ಬಿಟ್ಟರೆ ತಿಂಗಳು ಒಂದೂವರೆ ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೆ ಮಡಿಯನ್ನು ಮೂರು ಭಾಗ ಮಾಡಿಕೊಂಡು ಸರದಿಯಲ್ಲಿ ಕೊಯ್ಯುತ್ತೇವೆ.

ಮಳೆಗಾಲ ಬೇರೆಯೇ ಕಥೆ. ಹನಿಯ ಹೊಡೆತಕ್ಕೆ ಮಣ್ಣು ಸಿಡಿದು ಎಲೆಯ ಅಡಿಗೆಲ್ಲ ಮೆತ್ತಿಕೊಳ್ಳುತ್ತದೆ, ಕೆಳಗಿನ ಎಲೆ ಕೊಳೆಯುತ್ತದೆ. ಬಿದಿರಿನ ಗಳ ಕಟ್ಟಿ, ಮೇಲೆ ಅಡಿಕೆ ಸೋಗೆಯ ತಟ್ಟಿ ಹೊದೆಸಿದೆ, ತೋಟದ ಕಡೆಗೆ ಇಳಿಜಾರಾಗಿ. ಪೈಪನ್ನು ಓರೆ ಮಾಡಿ ನೀರನ್ನು ಮಣ್ಣಿನಿಂದ 7 ಇಂಚು ಕೆಳಗಿಳಿಸಿದೆ. ಆ ಕಾಟ ತಪ್ಪಿತು. ಬಸವನಹುಳು ಮಾತ್ರ ಬಂದೇ ಬಂತು. ಬೂದಿ ಚೆಲ್ಲಿದರೆ ಮಳೆಗೆ ತೊಳೆದುಹೋಗುತ್ತದೆ. ಔಷಧಿ ಹಾಕುವ ಮಾತೇ ಇಲ್ಲ, ಅದನ್ನು ತಪ್ಪಿಸಲೆಂದೇ ಅಲ್ವಾ ಇಷ್ಟೆಲ್ಲ ಮಾಡಿದ್ದು. ಸಂಜೆ ಅಡಿಕೆ ಹಾಳೆಯನ್ನು ಬೋರಲಾಗಿ ಮಡಿಯ ಅಂಚಿಗೆ ಇಡುತ್ತೇನೆ. ಬೆಳಕಾಗುವ ಹೊತ್ತಿಗೆ ಹುಳುಗಳೆಲ್ಲ ಅದರಡಿ ಸೇರಿರುತ್ತವೆ. ಹಾಳೆ ಎತ್ತಿ ಉಪ್ಪುನೀರಿನ ಬಕೆಟ್ಟಿಗೆ ಕೊಡವಿದರಾಯಿತು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಜುಲೈ, ಆಗಸ್ಟ್‌ನ ಎಲೆ ತೆಳ್ಳಗೆ, ರುಚಿಯೂ ನೀರು ನೀರು. ಆ ಎರಡು ತಿಂಗಳು ನಾವು ಕೊಯ್ಯುವುದು ಕಡಿಮೆ.

ತಂಬುಳಿಗೆ ನಮ್ಮ ಮನೆಯ ಲೆಕ್ಕ ಇಷ್ಟು. ತೊಟ್ಟು ಸಮೇತ ಎರಡು ಹಿಡಿ ಎಲೆ, ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ತೊಳೆದದ್ದು. ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಹುರಿದು, ಅರ್ಧ ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ಅರೆದು, ಹುಳಿ ಮಜ್ಜಿಗೆಗೆ ಕಲಸಿ ಉಪ್ಪು ಹಾಕುವುದು. ಮೇಲೆ ತುಪ್ಪ, ಸಾಸಿವೆ, ಒಣಮೆಣಸಿನ ಒಗ್ಗರಣೆ. ತಂಬುಳಿ ಕುದಿಸುವ ಪದಾರ್ಥ ಅಲ್ಲ, ಹಾಗಾಗಿಯೇ ಎಲೆ ಎಲ್ಲಿಯದು ಅನ್ನುವುದು ಅಷ್ಟು ಮುಖ್ಯ. ಮಡಿಯ ಎಲೆಯನ್ನು ಹಸಿಯಾಗಿ ಅರೆಯುತ್ತೇವೆ. ಹೊರಗಿನಿಂದ ಯಾರಾದರೂ ತಂದುಕೊಟ್ಟರೆ ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ, ಬೇಯಿಸಿಯೇ ಬಳಸುವುದು.

ಎಣ್ಣೆ ಕಾಯಿಸುವುದಕ್ಕೆ ಅರ್ಧ ದಿನ ಬೇಕು. ಸುಮಾರು 1 ಕೆಜಿ ಎಲೆಯನ್ನು ನೀರು ಹಾಕಿ ಅರೆದು ಬಟ್ಟೆಯಲ್ಲಿ ಹಿಂಡಿದರೆ ಒಂದೂವರೆ ಲೀಟರ್ ರಸ. ಅದಕ್ಕೆ 1 ಲೀಟರ್ ಕೊಬ್ಬರಿ ಎಣ್ಣೆ, ಒಂದು ಮುಷ್ಟಿ ಅರೆದ ಎಲೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ಕೊತಕೊತ ಕುದಿಯುತ್ತದೆ, ನೀರಿನಂಶ ಹೋಗುತ್ತಾ ಸದ್ದು ಚಿಟಚಿಟ ಅಂತ ಸಣ್ಣದಾಗುತ್ತದೆ. ಇಲ್ಲಿಂದ ಒಲೆ ಬಿಟ್ಟು ಏಳಬಾರದು, ಮಗುಚುತ್ತಲೇ ಇರಬೇಕು. ಅಮ್ಮ ಚಮಚದಲ್ಲಿ ತಳದ ಗಸಿ ತೆಗೆದು, ಆರಿಸಿ, ಎರಡು ಬೆರಳ ನಡುವೆ ಹೊಸೆಯುತ್ತಾರೆ. ಬೆರಳಿಗೆ ಅಂಟದೆ ಬತ್ತಿಯ ಹಾಗೆ ನಿಂತರೆ ಆಯಿತು ಅಂತ ಲೆಕ್ಕ. ಆ ಬತ್ತಿಯನ್ನು ಕೆಂಡಕ್ಕೆ ಹಿಡಿದರೆ ಚಟಪಟ ಅನ್ನದೆ ಉರಿಯಬೇಕು. ಚಟಪಟ ಅಂದರೆ ಇನ್ನೂ ನೀರಿದೆ, ಅಂಥ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಸದ್ದು ಪೂರ್ತಿ ನಿಂತ ಕೂಡಲೇ ಇಳಿಸಿ, ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬುವುದು.

ಔಷಧಿ ಗುಣದ ಬಗ್ಗೆ ನಾನು ನಂಬಿರುವುದು ಇಷ್ಟು. ಆಯುರ್ವೇದ ಇದನ್ನು ಮಂಡೂಕಪರ್ಣಿ ಅನ್ನುತ್ತದೆ, ಅಮೃತಬಳ್ಳಿ, ಜೇಷ್ಠಮಧು, ಶಂಖಪುಷ್ಪಿಯ ಜೊತೆ ಮೇಧ್ಯ ರಸಾಯನಗಳ, ಅಂದರೆ ಬುದ್ಧಿಗೆ ಒಳ್ಳೆಯದೆನ್ನುವ ಔಷಧಿಗಳ ಸಾಲಿನಲ್ಲಿ ಇಡುತ್ತದೆ. ಎಲೆಯಲ್ಲಿರುವ ಏಷಿಯಾಟಿಕೋಸೈಡ್ ಅನ್ನುವ ಅಂಶ ಗಾಯ ಮಾಗಲು ನೆರವಾಗುತ್ತದೆ ಅನ್ನುವುದಕ್ಕೆ ಪ್ರಯೋಗಗಳ ಆಧಾರ ಇದೆ. ಅಂಗಡಿಯ ಕ್ರೀಮುಗಳ ಮೇಲೆ ‘ಸಿಕಾ’ ಅಂತ ಬರೆದಿರುತ್ತದಲ್ಲ, ಅದು ಇದೇ ಗಿಡ. ಪರೀಕ್ಷೆಗೆ ಮುಂಚೆ ಮಕ್ಕಳಿಗೆ ರಸ ಕುಡಿಸಿದರೆ ನೆನಪು ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಅಷ್ಟು ಗಟ್ಟಿ ಆಧಾರ ಇಲ್ಲ. ಊಟದಲ್ಲಿ ವಾರಕ್ಕೆ ಒಂದೆರಡು ಸಲ ಸೊಪ್ಪಾಗಿ ತಿನ್ನುವುದು ಒಂದು, ದಿನಾ ಮಾತ್ರೆ ನುಂಗುವುದು ಇನ್ನೊಂದು. ಸಾರದ ಮಾತ್ರೆ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದದ್ದು ವರದಿಯಾಗಿದೆ. ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು, ನಿದ್ರೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇದನ್ನು ಔಷಧಿಯಾಗಿ ತೆಗೆದುಕೊಳ್ಳಬಾರದು.

ಈಗ ಬಳ್ಳಿ ಕಲ್ಲಿನ ಸಾಲು ದಾಟಿ ಹೊರಗೆ ಬರುತ್ತಿದೆ. ಹೊರಬಂದದ್ದನ್ನು ಕತ್ತರಿಸಿ ಅಡಿಕೆ ಹಾಳೆಯ ಕೊಟ್ಟೆಯಲ್ಲಿ ಕಟ್ಟಿ ಕೇಳಿದವರಿಗೆ ಕೊಡುತ್ತಿದ್ದೇನೆ. ಚಿಕ್ಕಪ್ಪನ ಮನೆಗೆ ಅಬ್ಬಿ ನೀರಿಲ್ಲ, ಬಾವಿ ನೀರು. ಅವರಿಗೆ ಅಗಲ ಬಾಯಿಯ ಹಳೆ ಡ್ರಮ್ಮೊಂದನ್ನು ಅಡ್ಡ ಕೊಯ್ದು, ಇದೇ ನಿಪ್ಪಲ್, ಇದೇ ಎಲ್ಬೋ ಹಾಕಿ ಕೊಟ್ಟೆ. ಕುಡಿಯುವ ನೀರು ತುಂಬಿದ್ದ ಡ್ರಮ್ಮೇ ಆಗಬೇಕು, ಔಷಧಿ ಡ್ರಮ್ ಎಷ್ಟು ತೊಳೆದರೂ ಬೇಡ. ನಮ್ಮ ಮಡಿಯಲ್ಲಿ ಬಾಕಿ ಇರುವ ಕೆಲಸ ಒಂದೇ. ಹೊರದಾರಿಯ ನೀರುಬ್ರಾಹ್ಮಿ ಒಂದೆಲಗದ ಕಡೆ ನುಗ್ಗುತ್ತಿದೆ. ಈ ಸಲದ ಮಳೆಗೆ ಮುಂಚೆ ಎರಡರ ನಡುವೆ ಹಳೆ ಮಂಗಳೂರು ಹೆಂಚನ್ನು ಅಡ್ಡ ಹೂಳಬೇಕು.